ತೊಳೆದ ಮಣ್ಣಿನ ಕೊಳೆ ಎಲ್ಲಿಗೆ ಹೋಯ್ತು?



ನಿಮ್ಮ ವಿಜ್ಞಾನ ಪುಸ್ತಕದ ಮಾಲಿನ್ಯದ ಪಾಠವನ್ನು ಒಮ್ಮೆ ತೆರೆದು ನೋಡಿ. ನಾವು ಗಡಿನಾಡಿನ ಕನ್ನಡ ಶಾಲೆಯವರು. ಒಬ್ಬೊಬ್ಬರಿಗೆ ಒಂದೊಂದು ರಾಜ್ಯದ ಪುಸ್ತಕ. ಆದರೂ ಪಾಠದ ಕ್ರಮ ಹೆಚ್ಚುಕಡಿಮೆ ಒಂದೇ: ಮೊದಲು ವಾಯು, ಆಮೇಲೆ ಜಲ, ಕೊನೆಗೆ ಮಣ್ಣು. ಪರೀಕ್ಷೆ ಹತ್ತಿರ ಬಂದಾಗ ನಾವು ಮೇಷ್ಟ್ರುಗಳೂ ಆ ಕೊನೆಯ ಭಾಗವನ್ನು "ಮನೇಲಿ ಓದ್ಕೊಳ್ಳಿ" ಅಂತ ಬಿಟ್ಟುಬಿಡುತ್ತೇವೆ. ಇದು ತಲೆಕೆಳಗಾದ ಕ್ರಮ ಎಂದು ನನ್ನ ಅಭಿಪ್ರಾಯ. ಹೊಗೆ ಗಾಳಿ ಬೀಸಿದರೆ ಚದುರುತ್ತದೆ. ಹೊಳೆಗೆ ಬಿಟ್ಟ ಕೊಳೆ ಮಳೆಗಾಲದಲ್ಲಿ ಮುಂದಕ್ಕೆ ಹೋಗುತ್ತದೆ. ಮಣ್ಣಿಗೆ ಬಿದ್ದದ್ದು ಮಾತ್ರ ಅಲ್ಲೇ ಕೂತಿರುತ್ತದೆ. ಕಾರ್ಖಾನೆ ಮುಚ್ಚಿ, ಅದರ ಬೋರ್ಡು ತುಕ್ಕು ಹಿಡಿದು ಬಿದ್ದು, ಅಲ್ಲಿ ದುಡಿದವರೆಲ್ಲ ಮುದುಕರಾದ ಮೇಲೂ ನೆಲದೊಳಗಿನ ವಿಷ ನಿಧಾನವಾಗಿ ಬಾವಿಗೆ ಇಳಿಯುತ್ತಲೇ ಇರುತ್ತದೆ.

ಇಂಥ ಮಣ್ಣನ್ನು ಶುಚಿ ಮಾಡಬಹುದೇ? ಮಾಡಬಹುದು. ಎರಡು ದಾರಿಗಳನ್ನು ಈ ಲೇಖನದಲ್ಲಿ ಹೇಳುತ್ತೇನೆ. ಒಂದು, ಮಣ್ಣನ್ನು ತೊಳೆಯುವುದು. ಇನ್ನೊಂದು, ಸೂಕ್ಷ್ಮಜೀವಿಗಳಿಂದ ಆ ಕೆಲಸ ಮಾಡಿಸುವುದು. ಇದರ ಜೊತೆಗೆ ನನ್ನದೊಂದು ವಾದವೂ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. "ಮಣ್ಣು ಶುಚಿಯಾಯಿತು" ಎಂದು ಯಾರಾದರೂ ಹೇಳಿದರೆ ಚಪ್ಪಾಳೆ ತಟ್ಟುವ ಮೊದಲು ನೀವು ಮೂರು ಪ್ರಶ್ನೆ ಕೇಳಬೇಕು: ಕೊಳೆ ಎಲ್ಲಿಗೆ ಹೋಯ್ತು? ಅದು ಏನಾಯ್ತು? ಎಷ್ಟು ಉಳೀತು, ಅಳೆದವರು ಯಾರು? ಇವುಗಳಿಗೆ ಉತ್ತರ ಸಿಗದಿದ್ದರೆ ಆ ಶುಚಿ ಕಾಗದದ ಮೇಲಿನದು.

ಅಕ್ಕಿ ಜಾಲಿಸಿದ ಹಾಗೆ ಮಣ್ಣು ಜಾಲಿಸುವುದು

ಮಣ್ಣು ತೊಳೆಯುವ ವಿಧಾನ ಅರ್ಥವಾಗಬೇಕಾದರೆ ಒಂದು ಗಾಜಿನ ಜಾಡಿ ಸಾಕು. ಜಾಡಿಗೆ ಒಂದು ಹಿಡಿ ಮಣ್ಣು, ಮುಕ್ಕಾಲು ಭಾಗ ನೀರು ಹಾಕಿ ಚೆನ್ನಾಗಿ ಅಲ್ಲಾಡಿಸಿ ಇಟ್ಟುಬಿಡಿ. ಹರಳು ಮತ್ತು ಮರಳು ಕ್ಷಣದಲ್ಲಿ ತಳ ಸೇರುತ್ತವೆ. ಅದರ ಮೇಲೆ ನುಣ್ಣನೆ ಹೂಳು ನಿಲ್ಲುತ್ತದೆ. ಜೇಡಿಯ ಕಣಗಳು ಮಾತ್ರ ಮಾರನೇ ದಿನವೂ ನೀರನ್ನು ಕದಡಿಟ್ಟಿರುತ್ತವೆ. ಕೆಳಗಿನ ತರಗತಿಯಲ್ಲೇ ನೀವು ಇದನ್ನು ಮಾಡಿದ್ದೀರಿ.

ಈಗ ಪ್ರಶ್ನೆ: ಮಣ್ಣಿಗೆ ಸೀಸ, ಕ್ರೋಮಿಯಂ, ಡಾಂಬರಿನಂಥ ವಸ್ತು ಸೇರಿದರೆ ಅದು ಈ ಮೂರರಲ್ಲಿ ಯಾವುದಕ್ಕೆ ಹೆಚ್ಚಾಗಿ ಅಂಟಿಕೊಳ್ಳುತ್ತದೆ? ಉತ್ತರ ಜೇಡಿಗೆ. ಯಾಕೆ ಅಂತ ಲೆಕ್ಕ ಮಾಡಿ ನೋಡೋಣ. 1 ಸೆಂಟಿಮೀಟರ್ ಬದಿಯ ಒಂದು ಘನ ತೆಗೆದುಕೊಳ್ಳಿ. ಅದರ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನು 1 ಮಿಲಿಮೀಟರ್ ಬದಿಯ ಘನಗಳಾಗಿ ಕತ್ತರಿಸಿದರೆ 1000 ಚೂರು ಬರುತ್ತವೆ, ಒಟ್ಟು ಮೇಲ್ಮೈ 60 ಚದರ ಸೆಂಟಿಮೀಟರ್ ಆಗುತ್ತದೆ. ಇನ್ನೂ ಕತ್ತರಿಸುತ್ತ ಹೋಗಿ ಬದಿಯನ್ನು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ತಂದರೆ ಮೇಲ್ಮೈ 60,000 ಚದರ ಸೆಂಟಿಮೀಟರ್, ಅಂದರೆ 6 ಚದರ ಮೀಟರ್! ಬೆರಳ ತುದಿಯಷ್ಟು ವಸ್ತು, ಒಂದು ಸಣ್ಣ ಕೋಣೆಯ ನೆಲದಷ್ಟು ಮೇಲ್ಮೈ. ಜೇಡಿಯ ಕಣ 0.002 ಮಿಲಿಮೀಟರಿಗಿಂತಲೂ ಚಿಕ್ಕದು. ಅದರ ಮೇಲ್ಮೈಯಲ್ಲಿ ಋಣ ವಿದ್ಯುದಾವೇಶವೂ ಇರುತ್ತದೆ. ಲೋಹದ ಅಯಾನುಗಳು ಸಾಮಾನ್ಯವಾಗಿ ಧನಾವೇಶದವು. ಅಂಟಿಕೊಳ್ಳಲು ಜಾಗವೂ ಇದೆ, ಸೆಳೆತವೂ ಇದೆ.

ಮಣ್ಣು ತೊಳೆಯುವ ಯಂತ್ರ ಈ ತತ್ತ್ವವನ್ನೇ ಬಳಸುತ್ತದೆ. ಅಗೆದು ತಂದ ಮಣ್ಣನ್ನು ಮೊದಲು ಜರಡಿ ಹಿಡಿದು ಕಲ್ಲು, ಇಟ್ಟಿಗೆ ಚೂರು, ಕಬ್ಬಿಣ ತೆಗೆಯುತ್ತಾರೆ. ಉಳಿದದ್ದನ್ನು ನೀರಿನೊಡನೆ ಉಜ್ಜಿ ತಿಕ್ಕುತ್ತಾರೆ. ಜಿಡ್ಡಿದ್ದರೆ ಮಾರ್ಜಕ ಸೇರಿಸುತ್ತಾರೆ, ಲೋಹವಿದ್ದರೆ ಆಮ್ಲವನ್ನೋ ಲೋಹವನ್ನು ಹಿಡಿದಿಡುವ ಇಡಿಟಿಎ ತರಹದ ರಾಸಾಯನಿಕವನ್ನೋ ಸೇರಿಸುವುದುಂಟು. ಆಮೇಲೆ ಆ ಗೊಚ್ಚೆಯನ್ನು ಶಂಕುವಿನಾಕಾರದ ಪಾತ್ರೆಯೊಳಗೆ ಸುಳಿಯಾಗಿ ತಿರುಗಿಸುತ್ತಾರೆ. ದಪ್ಪ ಮರಳು ಪಕ್ಕದ ಗೋಡೆಗೆ ಬಡಿದು ಕೆಳಗೆ ಇಳಿಯುತ್ತದೆ, ನುಣುಪು ಕಣಗಳು ನೀರಿನೊಡನೆ ಮೇಲಿನಿಂದ ಹೊರಬರುತ್ತವೆ. ಮನೆಯಲ್ಲಿ ಅಜ್ಜಿ ಅಕ್ಕಿ ಜಾಲಿಸಿ ಕಲ್ಲು ಬೇರೆ ಮಾಡೋದನ್ನ ನೋಡಿದ್ದೀರಲ್ಲ, ಸುಮಾರು ಅದೇ ಕೆಲಸ. ಆದರೆ ಇಲ್ಲಿ ಉಳಿಸಿಕೊಳ್ಳುವುದು ತಳದ ಕಲ್ಲು ಮರಳನ್ನು, ಬೇರೆ ಮಾಡಿ ತೆಗೆಯುವುದು ಮೇಲಿನ ನುಣುಪನ್ನು.

ಅಮೆರಿಕದ ನ್ಯೂಜೆರ್ಸಿಯಲ್ಲಿ 1993ರಲ್ಲಿ ಕ್ರೋಮಿಯಂ, ತಾಮ್ರ, ನಿಕ್ಕಲ್ ಸೇರಿದ ಸುಮಾರು 19,000 ಟನ್ ಮಣ್ಣನ್ನು ಹೀಗೆ ತೊಳೆದರು. ಆ ದೇಶದ ದೊಡ್ಡ ಶುದ್ಧೀಕರಣ ಯೋಜನೆಯಲ್ಲಿ ಪೂರ್ಣ ಪ್ರಮಾಣದಲ್ಲಿ ಮಣ್ಣು ತೊಳೆದ ಮೊದಲ ಕೆಲಸ ಅದು.

ಈಗ ನನ್ನ ಮೊದಲ ಪ್ರಶ್ನೆ ಕೇಳಿ: ಕೊಳೆ ಎಲ್ಲಿಗೆ ಹೋಯ್ತು? 100 ಟನ್ ಮಣ್ಣಿನಲ್ಲಿ 80 ಟನ್ ಮರಳು, 20 ಟನ್ ನುಣುಪು ಇತ್ತು ಎನ್ನೋಣ. ತೊಳೆದ ಮೇಲೆ 80 ಟನ್ ಮರಳು ಚೊಕ್ಕಟ. ವಿಷವೆಲ್ಲ ಆ 20 ಟನ್ನಿಗೆ ಸೇರಿತು, ಅಂದರೆ ಅಲ್ಲಿ ಅದರ ಸಾಂದ್ರತೆ 5 ಪಟ್ಟು ಹೆಚ್ಚಾಯಿತು. ತೊಳೆದ ನೀರಿನಲ್ಲೂ ಒಂದಿಷ್ಟು ಉಳಿಯಿತು. ಒಂದು ಗ್ರಾಂ ಸೀಸವೂ ನಾಶವಾಗಲಿಲ್ಲ. ತೊಳೆಯುವುದು ಎಂದರೆ ಹರಡಿದ್ದನ್ನು ಗುಡ್ಡೆ ಹಾಕುವುದು. ಇದು ಸಣ್ಣ ಕೆಲಸವೇನಲ್ಲ: 100 ಟನ್ನನ್ನು ಕಾಯುವುದಕ್ಕಿಂತ 20 ಟನ್ನನ್ನು ಕಾಯುವುದು ಸುಲಭ. ಆದರೆ ಆ 20 ಟನ್ ಯಾವ ಲಾರಿಯಲ್ಲಿ, ಯಾವ ಊರಿಗೆ ಹೋಯಿತು ಎಂದು ಕೇಳದೆ ಇದ್ದರೆ, ನಮ್ಮ ಊರನ್ನು ತೊಳೆದ ಕೊಳೆ ಇನ್ನೊಬ್ಬರ ಊರಿನ ಹಳ್ಳಕ್ಕೆ ಬೀಳುತ್ತದೆ. ಆ ಊರಿನಲ್ಲೂ ಒಂದು ಶಾಲೆ ಇರುತ್ತದೆ, ನೆನಪಿರಲಿ.

ಇನ್ನೊಂದು ಮಾತು. ಈ ವಿಧಾನ ಎಲ್ಲ ಮಣ್ಣಿಗೂ ಒಗ್ಗುವುದಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಆದವಾನಿ ಕಡೆಯ ಮಕ್ಕಳು ಇಲ್ಲಿ ಕಿವಿಗೊಡಬೇಕು. ನಿಮ್ಮ ಎರೆಮಣ್ಣಿನಲ್ಲಿ ಅರ್ಧದಷ್ಟು ಜೇಡಿಯೇ ಇರಬಹುದು. ಮಳೆಗೆ ಉಬ್ಬಿ, ಬೇಸಿಗೆಗೆ ಬಿರುಕು ಬಿಡುವ ಆ ಮಣ್ಣನ್ನು ತೊಳೆಯಲು ಹೋದರೆ ಬೇರೆ ಮಾಡಲು ಮರಳೇ ಇರುವುದಿಲ್ಲ, ತೊಳೆದಷ್ಟೂ ಕೆಸರು. ಹೊರದೇಶದ ಯಂತ್ರ ತಂದು ನಿಲ್ಲಿಸಿದರೆ ಕೆಲಸ ಆಯಿತು ಎನ್ನುವವರಿಗೆ ನಿಮ್ಮ ಹೊಲದ ಒಂದು ಹೆಂಟೆ ತೋರಿಸಿ ಸಾಕು. ಎರೆಭೂಮಿ ಒಮ್ಮೆ ಕೆಟ್ಟರೆ ತೊಳೆದು ಸರಿಮಾಡುವ ದಾರಿ ಬಹುಪಾಲು ಮುಚ್ಚಿದಂತೆಯೇ. ಆದ್ದರಿಂದ ಅದನ್ನು ಕೆಡದಂತೆ ಕಾಯಬೇಕು.

ತಿಪ್ಪೆಯ ವಿಜ್ಞಾನ

ಎರಡನೆಯ ದಾರಿ ಸೂಕ್ಷ್ಮಜೀವಿಗಳದ್ದು. ಡೀಸೆಲ್, ಎಣ್ಣೆ, ಗ್ರೀಸ್ ಇವೆಲ್ಲ ಕಾರ್ಬನ್ ಮತ್ತು ಹೈಡ್ರೋಜನ್ ಸೇರಿದ ಸಂಯುಕ್ತಗಳು. ನಮಗೆ ಅವು ವಿಷ, ಆದರೆ ಮಣ್ಣಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳಿಗೆ ಅವೇ ಊಟ. ಅವು ಎಣ್ಣೆಯನ್ನು ಒಡೆದು ಶಕ್ತಿ ಪಡೆಯುತ್ತವೆ, ಕೊನೆಗೆ ಕಾರ್ಬನ್ ಡೈಆಕ್ಸೈಡ್ ಮತ್ತು ನೀರು ಉಳಿಯುತ್ತದೆ. ತೊಳೆಯುವುದಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಗಮನಿಸಿ: ಇಲ್ಲಿ ಕೊಳೆ ಜಾಗ ಬದಲಿಸಲಿಲ್ಲ, ಅದು ಬೇರೆ ವಸ್ತುವೇ ಆಯಿತು.

ಹಾಗಾದರೆ ಎಣ್ಣೆ ಚೆಲ್ಲಿದ ಜಾಗ ತಾನಾಗಿಯೇ ಯಾಕೆ ಶುಚಿಯಾಗುವುದಿಲ್ಲ? ಬರೀ ಅನ್ನ ಬಡಿಸಿ, ಸಾರು, ಪಲ್ಯ, ನೀರು ಏನೂ ಕೊಡದಿದ್ದರೆ ನೀವು ಎಷ್ಟು ದಿನ ಉಣ್ಣುತ್ತೀರಿ? ಬ್ಯಾಕ್ಟೀರಿಯಾದ ಗತಿಯೂ ಅದೇ. ಎಣ್ಣೆಯಲ್ಲಿ ಕಾರ್ಬನ್ ಬೇಕಾದಷ್ಟಿದೆ, ಸಾರಜನಕ ಮತ್ತು ರಂಜಕ ಇಲ್ಲ. ಜಿಡ್ಡು ತುಂಬಿದ ಮಣ್ಣಿನೊಳಗೆ ಗಾಳಿ ಆಡುವುದಿಲ್ಲ. ಆದ್ದರಿಂದ ಎಂಜಿನಿಯರುಗಳು ಮಾಡುವ ಕೆಲಸ ನಿಮ್ಮ ಮನೆಯ ತಿಪ್ಪೆಯ ಕೆಲಸವೇ: ಮಣ್ಣನ್ನು ಉದ್ದುದ್ದ ಸಾಲಾಗಿ ಒಟ್ಟಿ, ಗೊಬ್ಬರ ಬೆರೆಸಿ, ಹದವಾಗಿ ನೀರು ಚಿಮುಕಿಸಿ, ಆಗಾಗ ತಿರುವಿ ಹಾಕುವುದು. 1989ರಲ್ಲಿ ಅಲಾಸ್ಕಾದ ಕರಾವಳಿಯಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ಕಚ್ಚಾ ತೈಲ ಚೆಲ್ಲಿದಾಗ ದಡದ ಕಲ್ಲುಗಳ ಮೇಲೆ ಹೊಸ ಬ್ಯಾಕ್ಟೀರಿಯಾ ಬಿಡುವ ಬದಲು ಸಾರಜನಕ, ರಂಜಕವಿರುವ ಗೊಬ್ಬರ ಸಿಂಪಡಿಸಿದರು. ಅಲ್ಲೇ ಇದ್ದ ಜೀವಿಗಳು ಉಳಿದ ಕೆಲಸ ನೋಡಿಕೊಂಡವು.

ನಮ್ಮ ದೇಶದಲ್ಲೂ ಈ ವಿದ್ಯೆ ಇದೆ. ದೆಹಲಿಯ ಟೆರಿ ಸಂಸ್ಥೆಯ ವಿಜ್ಞಾನಿಗಳು ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗಳ ಗುಂಪೊಂದನ್ನು ಬೆಳೆಸಿ 'ಆಯಿಲ್‌ಝ್ಯಾಪರ್' ಎಂದು ಹೆಸರಿಟ್ಟರು. ತೈಲ ಸಂಸ್ಕರಣಾಗಾರಗಳ ಜಿಡ್ಡುಕೆಸರಿಗೆ ಅದನ್ನು ಬಳಸುತ್ತಾರೆ. ಇನ್ನೊಬ್ಬ ಭಾರತೀಯ ಮೂಲದ ವಿಜ್ಞಾನಿ ಆನಂದ ಮೋಹನ ಚಕ್ರವರ್ತಿ ಅಮೆರಿಕದಲ್ಲಿ ಎಣ್ಣೆಯ ಹಲವು ಘಟಕಗಳನ್ನು ಒಡೆಯಬಲ್ಲ ಬ್ಯಾಕ್ಟೀರಿಯಾ ತಯಾರಿಸಿದರು. 1980ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಮಾನವ ನಿರ್ಮಿತ ಜೀವಿಗೂ ಪೇಟೆಂಟ್ ಕೊಡಬಹುದು ಎಂದು ತೀರ್ಪಿತ್ತದ್ದು ಅವರ ಮೊಕದ್ದಮೆಯಲ್ಲೇ. ಹೆಸರು ಮಾಡಿದ್ದು ಆ ಬ್ಯಾಕ್ಟೀರಿಯಾ, ಆದರೆ ನೆಲದ ಮೇಲೆ ಹೆಚ್ಚು ಕೆಲಸ ಮಾಡಿದ್ದು ಗೊಬ್ಬರ, ಗಾಳಿ, ನೀರು ಸಿಕ್ಕ ಸಾಮಾನ್ಯ ಮಣ್ಣಿನ ಜೀವಿಗಳು.

ಬಿಸಿಲು ನಾಡಿನಲ್ಲಿ ಈ ಕೆಲಸ ತಂಪು ದೇಶಗಳಿಗಿಂತ ಬೇಗ ಆಗುತ್ತದೆ, ಯಾಕೆಂದರೆ ಬೆಚ್ಚಗಿದ್ದರೆ ಸೂಕ್ಷ್ಮಜೀವಿಗಳು ಚುರುಕು. ಆದರೆ ಮಡಕಶಿರ, ರಾಯದುರ್ಗದಂಥ ಮಳೆ ಕಡಿಮೆಯ ಸೀಮೆಯಲ್ಲಿ ತೇವ ಉಳಿಸುವುದೇ ಕಷ್ಟ. ಕುಡಿಯುವ ನೀರಿಗೇ ಪರದಾಡುವ ಊರಿನಲ್ಲಿ ಕಾರ್ಖಾನೆಯ ಮಣ್ಣಿಗೆ ನೀರು ಹನಿಸುವವರು ಯಾರು? ಈ ಪ್ರಶ್ನೆಯೂ ವಿಜ್ಞಾನದ ಪ್ರಶ್ನೆಯೇ.

ಈಗ ಎರಡನೆಯ ಪ್ರಶ್ನೆ: ಅದು ಏನಾಯ್ತು? "ಒಡೆಯಿತು" ಎಂದ ಮಾತ್ರಕ್ಕೆ "ನಿರಪಾಯವಾಯಿತು" ಎಂದು ತಿಳಿಯಬೇಡಿ. ಕಾಸರಗೋಡಿನ ಮಕ್ಕಳಿಗೆ ಎಂಡೋಸಲ್ಫಾನ್ ಹೆಸರು ಹೇಳಿಕೊಡಬೇಕಾಗಿಲ್ಲ. ಗೇರು ತೋಟಗಳ ಮೇಲೆ 20 ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಅದನ್ನು ಸಿಂಪಡಿಸಿದರು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ತಡೆಹಿಡಿಯಿತು. ಅದು ಕಾರ್ಖಾನೆಯಿಂದ ಸೋರಿದ ವಿಷವಲ್ಲ, ಬೇಕೆಂದೇ ಸಿಂಪಡಿಸಿದ್ದು. ಆದರೂ ಮಣ್ಣಿನ ಪಾಠ ಒಂದೇ. ಮಣ್ಣಿನ ಜೀವಿಗಳು ಎಂಡೋಸಲ್ಫಾನನ್ನು ಬದಲಾಯಿಸಿದಾಗ ಬರುವ ಒಂದು ಮುಖ್ಯ ವಸ್ತು ಎಂಡೋಸಲ್ಫಾನ್ ಸಲ್ಫೇಟ್. ಅದು ಮೂಲ ವಸ್ತುವಿನಷ್ಟೇ ವಿಷ, ಮೇಲಾಗಿ ಮಣ್ಣಿನಲ್ಲಿ ಇನ್ನೂ ಹೆಚ್ಚು ದಿನ ನಿಲ್ಲುತ್ತದೆ. "ಎಂಡೋಸಲ್ಫಾನ್ ಪ್ರಮಾಣ ಇಳಿದಿದೆ" ಎಂಬ ವರದಿಯಲ್ಲಿ ಸಲ್ಫೇಟಿನ ಲೆಕ್ಕ ಇಲ್ಲದಿದ್ದರೆ ಅದು ಅರ್ಧ ಸತ್ಯ.

ಲೋಹಗಳ ವಿಷಯ ಇನ್ನೂ ಗಟ್ಟಿ. ಸೀಸ, ಪಾದರಸ, ಆರ್ಸೆನಿಕ್ ಇವೆಲ್ಲ ಧಾತುಗಳು. ಯಾವ ಬ್ಯಾಕ್ಟೀರಿಯಾವೂ ಧಾತುವನ್ನು ತಿಂದು ಮುಗಿಸಲಾರದು. ರೂಪ ಬದಲಿಸಬಲ್ಲದು, ಅಷ್ಟೇ. ಕೆಲವೊಮ್ಮೆ ಅದರಿಂದ ಒಳ್ಳೆಯದಾಗುತ್ತದೆ. ತಮಿಳುನಾಡಿನ ರಾಣಿಪೇಟೆಯಲ್ಲಿ ಮುಚ್ಚಿಹೋದ ಕ್ರೋಮೇಟ್ ಕಾರ್ಖಾನೆಯೊಂದರ ಅಂಗಳದಲ್ಲಿ ಲಕ್ಷ ಟನ್ನಿಗೂ ಮೀರಿದ ಕ್ರೋಮಿಯಂ ತ್ಯಾಜ್ಯ ಉಳಿದುಬಿಟ್ಟಿತು. ಅದರಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಕ್ಯಾನ್ಸರ್ ತರುತ್ತದೆ. ಕೆಲವು ಬ್ಯಾಕ್ಟೀರಿಯಾಗಳಿಗೆ ಕಾಕಂಬಿಯಂಥ ಆಹಾರ ಕೊಟ್ಟರೆ ಅವು ಅದನ್ನು ಮೂರು ವೇಲೆನ್ಸಿಯ ಕ್ರೋಮಿಯಂ ಆಗಿ ಬದಲಾಯಿಸುತ್ತವೆ. ಅದು ಅಷ್ಟಾಗಿ ಕರಗುವುದಿಲ್ಲ, ಅಪಾಯವೂ ಎಷ್ಟೋ ಕಡಿಮೆ. ಆದರೆ ಇದೇ ಸೂಕ್ಷ್ಮಜೀವಿ ಲೋಕದ ಇನ್ನೊಂದು ಮುಖ ನೋಡಿ: ಗಾಳಿಯಾಡದ ಕೆಸರಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಪಾದರಸವನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಅದು ಮೀನಿನ ಮೈಯಲ್ಲಿ ಸೇರುತ್ತ, ಮೀನು ತಿಂದವರ ನರಮಂಡಲಕ್ಕೆ ಹೋಗುತ್ತದೆ. "ಜೈವಿಕ" ಎಂಬ ಪದ ಕಂಡ ಕೂಡಲೇ ಒಳ್ಳೆಯದೇ ಇರಬೇಕು ಎಂದು ನಂಬುವ ಅಭ್ಯಾಸ ಬಿಡೋಣ.

ಲಂಡನ್ನಿನ ಮಣ್ಣಿನ ಆಸ್ಪತ್ರೆ

ಎರಡೂ ದಾರಿಗಳನ್ನು ಒಟ್ಟಿಗೆ, ದೊಡ್ಡ ಪ್ರಮಾಣದಲ್ಲಿ ಬಳಸಿದ ಜಾಗ ಲಂಡನ್ನಿನ ಪೂರ್ವಕ್ಕಿರುವ ಲೀ ನದಿಯ ಕಣಿವೆ. 2012ರ ಒಲಿಂಪಿಕ್ಸ್ ನಡೆದದ್ದು ಅಲ್ಲೇ. ಅದಕ್ಕೂ ಮೊದಲು ನೂರೈವತ್ತು ವರ್ಷ ಅದು ಕಾರ್ಖಾನೆಗಳ ನೆಲ. 1844ರ ಕಾಯ್ದೆಯೊಂದು ಲಂಡನ್ ನಗರದೊಳಗೆ ದುರ್ನಾತದ ಉದ್ಯಮಗಳನ್ನು ಬಿಗಿಗೊಳಿಸಿದಾಗ ಅವು ಲೀ ನದಿಯ ಆಚೆ ದಡಕ್ಕೆ ದಾಟಿಕೊಂಡವು. ದೊಡ್ಡವರ ಮನೆಯಿಂದ ದೂರ, ಬಡವರ ಕೇರಿಗೆ ಹತ್ತಿರ. ಈ ಭೂಗೋಳ ನಿಮಗೂ ಪರಿಚಿತ ಅಲ್ಲವೇ? ಮೊದಮೊದಲ ಪ್ಲಾಸ್ಟಿಕ್ಕಾದ ಪಾರ್ಕೆಸೀನನ್ನು 1866ರಲ್ಲಿ ಆ ಭಾಗದಲ್ಲೇ ತಯಾರಿಸಿದರು. ಎಣ್ಣೆ, ಬಣ್ಣ, ರಾಸಾಯನಿಕ, ಅನಿಲದ ಕಾರ್ಖಾನೆಗಳು ಒಂದರ ಪಕ್ಕ ಒಂದು ಬಂದವು. ನೆಲದಲ್ಲಿ ಡಾಂಬರು, ಎಣ್ಣೆ, ಸೀಸ, ಆರ್ಸೆನಿಕ್ ಸೇರಿಕೊಂಡವು.

ಅದನ್ನು ಅಗೆದು ದೂರದ ಹಳ್ಳಕ್ಕೆ ಸುರಿಯುವ ಬದಲು ಅಲ್ಲೇ ಎರಡು ಕಡೆ ಶುದ್ಧೀಕರಣ ಕೇಂದ್ರ ನಡೆಸಿದರು. ಜನ ಅದನ್ನು 'ಮಣ್ಣಿನ ಆಸ್ಪತ್ರೆ' ಎಂದು ಕರೆದರು. ಹೆಸರು ಚೆನ್ನಾಗಿದೆ. ಆಸ್ಪತ್ರೆಯಲ್ಲಿ ಮಾಡುವಂತೆಯೇ ಮೊದಲು ಪರೀಕ್ಷೆ, ಆಮೇಲೆ ಚಿಕಿತ್ಸೆ. ಮರಳು ಹೆಚ್ಚಿರುವ ಮಣ್ಣು ತೊಳೆಯುವ ಯಂತ್ರಕ್ಕೆ, ಎಣ್ಣೆ ಹಿಡಿದ ಮಣ್ಣು ಸೂಕ್ಷ್ಮಜೀವಿಗಳ ಗುಡ್ಡೆಗೆ, ಲೋಹ ಬಿಡದ ಮಣ್ಣಿಗೆ ಅದು ಕರಗದಂತೆ ಕಟ್ಟಿಹಾಕುವ ರಾಸಾಯನಿಕ. ಅಗೆದ ಮಣ್ಣಿನಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಭಾಗವನ್ನು ಅದೇ ಜಾಗದಲ್ಲಿ ಮತ್ತೆ ಬಳಸಿದರು. ಇವತ್ತು ಅಲ್ಲಿ ಉದ್ಯಾನವಿದೆ.

ಇದನ್ನು ಓದಿ "ಅವರು ಮುಂದುವರಿದವರು, ಅವರಿಂದ ಆಯ್ತು" ಎಂದು ನಿಟ್ಟುಸಿರು ಬಿಡಬೇಡಿ. ಅವರಿಗೂ ನೂರೈವತ್ತು ವರ್ಷ ಬೇಕಾಯಿತು. ವಿದ್ಯೆ ಮೊದಲೇ ಇತ್ತು, ಒಲಿಂಪಿಕ್ಸ್ ಬಂತು ಅಂತ ಹಣ ಬಂತು. ನಮ್ಮ ಊರಿಗೆ ಒಲಿಂಪಿಕ್ಸ್ ಬರುವುದಿಲ್ಲ. ಹಾಗಾದರೆ ನಮ್ಮ ಮಣ್ಣಿಗೆ ಖರ್ಚು ಮಾಡುವವರು ಯಾರು?

20 ಮಿಲಿಗ್ರಾಂ ಎಂದರೆ ಎಷ್ಟು?

ಉತ್ತರಕ್ಕೆ ನಮ್ಮ ಹತ್ತಿರದ್ದೇ ಒಂದು ಬೆಟ್ಟಕ್ಕೆ ಹೋಗೋಣ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಾಟರ್‌ಟೌನಿನಲ್ಲಿದ್ದ ಥರ್ಮಾಮೀಟರ್ ಕಾರ್ಖಾನೆಯೊಂದನ್ನು 1980ರ ದಶಕದ ಮೊದಲಲ್ಲಿ ತಮಿಳುನಾಡಿನ ಕೊಡೈಕೆನಾಲಿಗೆ ತಂದು ನಿಲ್ಲಿಸಿದರು. ಮುಂದೆ ಅದು ಹಿಂದೂಸ್ತಾನ್ ಲಿವರ್, ಈಗಿನ ಹಿಂದೂಸ್ತಾನ್ ಯೂನಿಲಿವರ್ ಕೈಗೆ ಬಂತು. 2001ರಲ್ಲಿ ಊರಿನ ಗುಜರಿ ಅಂಗಡಿಯೊಂದರಲ್ಲಿ ಪಾದರಸ ಮೆತ್ತಿದ ಒಡೆದ ಗಾಜು ಟನ್ನುಗಟ್ಟಲೆ ಪತ್ತೆಯಾದಾಗ ಗಲಾಟೆಯಾಗಿ ಕಾರ್ಖಾನೆ ಮುಚ್ಚಿತು. 2003ರಲ್ಲಿ ಸುಮಾರು 290 ಟನ್ ಪಾದರಸಯುಕ್ತ ತ್ಯಾಜ್ಯವನ್ನು ಹಡಗು ಹತ್ತಿಸಿ ಅಮೆರಿಕಕ್ಕೇ ವಾಪಸು ಕಳಿಸಿದರು. ಅಲ್ಲಿ ದುಡಿದ ನೂರಾರು ಕಾರ್ಮಿಕರೊಂದಿಗೆ ಕಂಪನಿ ರಾಜಿ ಮಾಡಿಕೊಂಡದ್ದು 2016ರಲ್ಲಿ, ಅಂದರೆ 15 ವರ್ಷದ ಮೇಲೆ.

ಮಣ್ಣು? ಅದರ ವಿಧಾನ ಹೀಗೆ: ಮಣ್ಣನ್ನು ಕಣದ ಗಾತ್ರದ ಪ್ರಕಾರ ತೊಳೆದು ಬೇರ್ಪಡಿಸುವುದು, ಪಾದರಸ ಉಳಿದ ಭಾಗವನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಪಾದರಸವನ್ನು ಆವಿಯಾಗಿಸಿ, ಆ ಆವಿಯನ್ನು ತಣಿಸಿ ಹಿಡಿಯುವುದು. ಪಾದರಸ ಕುದಿಯುವುದು 357 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆದ್ದರಿಂದ ಇದು ಸಾಧ್ಯ. ಎಷ್ಟರ ಮಟ್ಟಿಗೆ ಶುಚಿ ಮಾಡಬೇಕು ಎಂಬ ಗುರಿ ಒಂದು ಕಿಲೋ ಮಣ್ಣಿಗೆ 20 ಮಿಲಿಗ್ರಾಂ.

ನೀವು ಲೆಕ್ಕ ಹಾಕಿ. ಕಿಲೋಗೆ 20 ಮಿಲಿಗ್ರಾಂ ಎಂದರೆ ಟನ್ನಿಗೆ 20 ಗ್ರಾಂ. ಜ್ವರ ನೋಡುವ ಹಳೇ ಥರ್ಮಾಮೀಟರಿನಲ್ಲಿ ಹೆಚ್ಚುಕಡಿಮೆ 1 ಗ್ರಾಂ ಪಾದರಸ ಇರುತ್ತಿತ್ತು. ಅಂದರೆ ಒಂದು ಟನ್ ಮಣ್ಣಿನಲ್ಲಿ ಸುಮಾರು 20 ಥರ್ಮಾಮೀಟರಿನ ಪಾದರಸ ಉಳಿದಿದ್ದರೂ ಅದು "ಶುಚಿ". ಇದು ಸಾಲದು, ಇನ್ನೂ ಬಿಗಿಯಾದ ಮಿತಿ ಬೇಕು ಎಂದು ಅಲ್ಲಿನ ಕಾರ್ಮಿಕರೂ ಪರಿಸರದ ಕಾರ್ಯಕರ್ತರೂ ವಾದಿಸಿದರು. ಇನ್ನೂ ಆಳಕ್ಕೆ ಅಗೆದರೆ ಶೋಲಾ ಕಾಡಿನ ಇಳಿಜಾರಿನ ಮಣ್ಣು, ಮರ ಕೊಚ್ಚಿಹೋದೀತು ಎಂಬ ವಾದವೂ ಇತ್ತು. ಎರಡನೆಯ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಕೆಲವು ಕಡೆ ಅಗೆಯುವುದಕ್ಕಿಂತ ಮುಚ್ಚಿ ಕಾಯುವುದೇ ಜಾಣತನ. ನೀಲಗಿರಿಯ ಮಕ್ಕಳಿಗೆ ಇಳಿಜಾರಿನ ಮಣ್ಣು ಮಳೆಗೆ ಹೇಗೆ ಜಾರುತ್ತದೆ ಎಂದು ಗೊತ್ತು.

ನನ್ನ ತಕರಾರು ಬೇರೆ. 20 ಎಂಬ ಸಂಖ್ಯೆ ಪ್ರಯೋಗಾಲಯದಲ್ಲಿ ತಾನಾಗಿ ಹುಟ್ಟುವುದಿಲ್ಲ. ಆ ನೆಲದಲ್ಲಿ ಮುಂದೆ ಮನೆ ಕಟ್ಟುತ್ತಾರೋ, ಸೊಪ್ಪು ಬೆಳೆಯುತ್ತಾರೋ, ಗೋದಾಮು ಇಡುತ್ತಾರೋ, ಕೆಳಗಿನ ತೊರೆ ಯಾರ ಕುಡಿಯುವ ನೀರು ಎಂಬುದನ್ನೆಲ್ಲ ನೋಡಿ ಮನುಷ್ಯರು ಕೂತು ನಿರ್ಧರಿಸುವ ಸಂಖ್ಯೆ ಅದು. ಹಾಗಿದ್ದ ಮೇಲೆ ಆ ಕೋಣೆಯಲ್ಲಿ ಆ ಊರಿನವರಿಗೂ ಕುರ್ಚಿ ಇರಬೇಕು. ಕೆಡಿಸಿದವರೇ ತೊಳೆಯುವ, ತೊಳೆದವರೇ ಅಳೆಯುವ, ಅಳೆದವರೇ ಪ್ರಮಾಣಪತ್ರ ಬರೆಯುವ ಪದ್ಧತಿ, ನೀವೇ ಪರೀಕ್ಷೆ ಬರೆದು ನೀವೇ ಅಂಕ ಹಾಕಿಕೊಂಡ ಹಾಗೆ. ಇದು ನನ್ನ ಮೂರನೆಯ ಪ್ರಶ್ನೆ.

ಖರ್ಚಿನ ಮಾತಿಗೆ ಬರೋಣ. ರಾಜಸ್ಥಾನದ ಉದಯಪುರ ಜಿಲ್ಲೆಯ ಬಿಚ್ರಿ ಎಂಬ ಹಳ್ಳಿಯಲ್ಲಿ ಬಟ್ಟೆ ಬಣ್ಣಗಳಿಗೆ ಬೇಕಾಗುವ 'ಎಚ್ ಆಮ್ಲ' ತಯಾರಿಸಿದ ಕಾರ್ಖಾನೆಗಳು ಕೆಸರನ್ನು ಬಯಲಿಗೆ ಸುರಿದವು. ಬಾವಿಗಳ ನೀರು ಬಣ್ಣಗೆಟ್ಟು ಕುಡಿಯಲೂ ಬೇಸಾಯಕ್ಕೂ ಬಾರದಾಯಿತು. 1996ರಲ್ಲಿ ಸುಪ್ರೀಂ ಕೋರ್ಟು ಕೆಡಿಸಿದವನೇ ಖರ್ಚು ಭರಿಸಬೇಕು ಎಂದು ಸ್ಪಷ್ಟವಾಗಿ ತೀರ್ಪು ಕೊಟ್ಟಿತು. ಆದರೂ ಹಣ ಬರಲಿಲ್ಲ. ಅರ್ಜಿಯ ಮೇಲೆ ಅರ್ಜಿ ಹಾಕುತ್ತ ಹೋದರು. 2011ರಲ್ಲಿ ಕೋರ್ಟು ಚಕ್ರಬಡ್ಡಿ ಸಮೇತ 37 ಕೋಟಿಗೂ ಹೆಚ್ಚು ರೂಪಾಯಿ ಕಟ್ಟುವಂತೆ ಮತ್ತೆ ಹೇಳಬೇಕಾಯಿತು. ತೀರ್ಪಿನಿಂದ ಚಕ್ರಬಡ್ಡಿಗೆ 15 ವರ್ಷ! ಅಷ್ಟು ಹೊತ್ತಿಗೆ ಆ ಬಾವಿಯ ನೀರು ಕುಡಿಯಬೇಕಿದ್ದ ಮಕ್ಕಳು ದೊಡ್ಡವರಾಗಿದ್ದರು.

ಇದರಿಂದ ನಾನು ತೆಗೆಯುವ ತೀರ್ಮಾನ ಇಷ್ಟು: ಶುಚಿ ಮಾಡುವ ಹಣವನ್ನು ಕಾರ್ಖಾನೆ ನಡೆಯುವಾಗಲೇ ಠೇವಣಿ ಇಡಿಸಿಕೊಳ್ಳಬೇಕು. ಕಾರ್ಖಾನೆ ಮುಚ್ಚಿದ ಮೇಲೆ ಹುಡುಕಿದರೆ ಬೀಗ ಸಿಗುತ್ತದೆ, ಮಾಲೀಕ ಸಿಗುವುದಿಲ್ಲ. ಕಲುಷಿತ ಸ್ಥಳಗಳನ್ನು ಗುರುತಿಸಿ ಶುಚಿ ಮಾಡಲೆಂದೇ ಕೇಂದ್ರ ಸರ್ಕಾರ 2025ರಲ್ಲಿ ಪ್ರತ್ಯೇಕ ನಿಯಮ ಹೊರಡಿಸಿದೆ. ಒಳ್ಳೆಯದು. ಆದರೆ ನಿಯಮ ತಾನಾಗಿ ಮಣ್ಣನ್ನು ಮೂಸಿ ನೋಡುವುದಿಲ್ಲ. ಊರವರು "ಇಲ್ಲಿ ಏನೋ ಸರಿಯಿಲ್ಲ" ಎಂದು ಹೇಳಬೇಕು.

"ಹಾಗಾದರೆ ಕಾರ್ಖಾನೆ ಬೇಡವೇ ಸಾರ್?" ಎಂದು ನೀವು ಕೇಳಬಹುದು. ಬೇಡ ಎಂದು ನಾನು ಹೇಳುತ್ತಿಲ್ಲ. ಹೊಸೂರಿನ ಸಿಪ್‌ಕಾಟ್‌ಗೆ ಬೆಳಿಗ್ಗೆ ಬಸ್ಸು ಹತ್ತುವ ಅಣ್ಣಂದಿರು, ಅಕ್ಕಂದಿರು ನಮ್ಮ ಮನೆಗಳವರೇ. ಸೊಲ್ಲಾಪುರದ ಚಾದರಕ್ಕೆ ಬಣ್ಣ ಬೇಕು, ಆ ಬಣ್ಣವನ್ನು ಯಾರೋ ತಯಾರಿಸಬೇಕು. ಮನೆಗೆ ಸಂಬಳ ತರುವ ಕೆಲಸವೇ ಬಾವಿಗೆ ವಿಷ ತರಬೇಕು ಎಂಬ ಕಟ್ಟಳೆ ಎಲ್ಲಿದೆ? ಸಂಬಳವೂ ಬೇಕು, ನೀರೂ ಬೇಕು ಎಂದು ಕೇಳುವುದು ದುರಾಸೆ ಅಲ್ಲ.

ನಿಮ್ಮ ಪಾಲಿನ ಕೆಲಸ

ಗಡಿನಾಡಿನ ಕನ್ನಡ ಶಾಲೆಯ ಮಕ್ಕಳಾದ ನಿಮಗೆ ಇಲ್ಲಿ ಒಂದು ವಿಶೇಷ ಜವಾಬ್ದಾರಿ ಇದೆ. ಹೊಸ ದೊಡ್ಡ ಕಾರ್ಖಾನೆ ಬರುವ ಮೊದಲು ನಡೆಯುವ ಸಾರ್ವಜನಿಕ ವಿಚಾರಣೆಯ ಸಾರಾಂಶ ಇಂಗ್ಲಿಷಿನಲ್ಲಿ ಮತ್ತು ರಾಜ್ಯದ ಭಾಷೆಯಲ್ಲಿ ಬರುತ್ತದೆ. ಅಂದರೆ ನಿಮ್ಮ ಊರಿನಲ್ಲಿ ಅದು ಮಲಯಾಳಂ, ತಮಿಳು, ತೆಲುಗು ಅಥವಾ ಮರಾಠಿಯಲ್ಲಿರುತ್ತದೆ. ನಿಮ್ಮ ಅಜ್ಜನಿಗೆ ಆ ಲಿಪಿ ಬಾರದೇ ಇರಬಹುದು. ನಿಮಗೆ ಬರುತ್ತದೆ. ನೀವು ಎರಡು ಮೂರು ಭಾಷೆ ಓದುವವರು. ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಿದ ನೋಟೀಸನ್ನು ಓದಿ, ಅದರಲ್ಲಿ ತ್ಯಾಜ್ಯದ ಬಗ್ಗೆ ಏನಿದೆ ಎಂದು ಮನೆಯಲ್ಲಿ ಕನ್ನಡದಲ್ಲಿ ಹೇಳಿ. ಭಾರಲೋಹ, ಸಾಂದ್ರತೆ, ಕಿಲೋಗೆ ಎಷ್ಟು ಮಿಲಿಗ್ರಾಂ, ಈ ಮಾತುಗಳು ಪರೀಕ್ಷೆಯ ಎರಡು ಅಂಕಕ್ಕಷ್ಟೇ ಇರುವಂಥವಲ್ಲ. ಜಗಲಿಯಲ್ಲಿ ಕೂತು ಆಡಿಕೊಳ್ಳಬೇಕಾದ ಮಾತುಗಳು. ಕನ್ನಡದಲ್ಲಿ ವಿಜ್ಞಾನ ಕಲಿತದ್ದರಿಂದ ಏನು ಲಾಭ ಎಂದು ಯಾರಾದರೂ ಕೇಳಿದರೆ ಇದೂ ಒಂದು ಲಾಭ ಎನ್ನಿ.

ಒಂದು ಎಚ್ಚರಿಕೆ: ಸಂಶಯವಿರುವ ಜಾಗದ ಮಣ್ಣನ್ನು ನೀವೇ ಹೋಗಿ ಕೈಯಲ್ಲಿ ತೆಗೆಯಬೇಡಿ. ಜಾಗ, ಬಣ್ಣ, ವಾಸನೆ, ಎಂದಿನಿಂದ ಹಾಗಿದೆ ಎಂಬುದನ್ನು ಬರೆದುಕೊಂಡು ನಿಮ್ಮ ವಿಜ್ಞಾನ ಶಿಕ್ಷಕರಿಗೆ ಹೇಳಿ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯುವುದು ದೊಡ್ಡವರ ಕೆಲಸ, ಬರೆಯುವಂತೆ ಪೀಡಿಸುವುದು ನಿಮ್ಮ ಕೆಲಸ.

ಕೊನೆಗೆ ಶಾಲೆಯಲ್ಲೇ ಮಾಡಬಹುದಾದ ಒಂದು ಪ್ರಯೋಗ. ಎರಡು ಪ್ಲಾಸ್ಟಿಕ್ ಬಾಟಲಿಗಳ ತಳ ಕತ್ತರಿಸಿ ತಲೆಕೆಳಗಾಗಿ ನಿಲ್ಲಿಸಿ, ಬಾಯಿಗೆ ಬಟ್ಟೆ ಕಟ್ಟಿ. ಒಂದಕ್ಕೆ ತೊಳೆದ ಮರಳು ತುಂಬಿ. ಇನ್ನೊಂದಕ್ಕೆ ಅದೇ ಮರಳಿನ ಜೊತೆ ಕಾಲು ಭಾಗ ಒಣ ಜೇಡಿಮಣ್ಣು ಬೆರೆಸಿ ತುಂಬಿ. ಜೀವಶಾಸ್ತ್ರದ ಬೀರುವಿನಲ್ಲಿರುವ ಮೀಥಿಲೀನ್ ಬ್ಲೂ ಬಣ್ಣದ ನಾಲ್ಕು ಹನಿಯನ್ನು ಒಂದು ಲೋಟ ನೀರಿಗೆ ಹಾಕಿ, ಅರ್ಧರ್ಧ ಎರಡಕ್ಕೂ ಸುರಿಯಿರಿ. ಕೆಳಗೆ ಇಳಿದ ನೀರಿನ ಬಣ್ಣ ಹೋಲಿಸಿ. ಮೀಥಿಲೀನ್ ಬ್ಲೂ ಧನಾವೇಶದ ಬಣ್ಣ ಎಂಬುದು ನಿಮಗೆ ಸುಳಿವು. ಆಮೇಲೆ ಜೇಡಿ ಇರುವ ಬಾಟಲಿಗೆ ಬರೀ ನೀರು ಸುರಿದು ಬಣ್ಣ ತೊಳೆಯಲು ಯತ್ನಿಸಿ. ಎಷ್ಟು ಲೋಟ ನೀರು ಬೇಕಾಯಿತು? ಉಪ್ಪುನೀರು ಸುರಿದರೆ ವ್ಯತ್ಯಾಸ ಕಂಡಿತೇ? ಕೊನೆಗೆ ಆ ನೀಲಿ ನೀರನ್ನೆಲ್ಲ ಒಂದು ಬಕೆಟ್ಟಿನಲ್ಲಿ ಕೂಡಿಡಿ. ಚೆಲ್ಲುವ ಮೊದಲು ಎಲ್ಲಿ ಚೆಲ್ಲಬೇಕು ಎಂದು ತರಗತಿಯಲ್ಲಿ ಚರ್ಚೆ ಮಾಡಿ. ಆ ಚರ್ಚೆಯಲ್ಲಿ ಬಂದ ಮಾತುಗಳನ್ನು ನಮ್ಮ ಪತ್ರಿಕೆಗೆ ಬರೆದು ಕಳಿಸಿ.